ಒಂದು ಮಳೆ ಕಾಣದ ಕೆಸರು

ತಿರುವನಂತಪುರದ ಚಾಲೈ ಬಜಾರಿಗೆ ನಾನು ಹೋದದ್ದು ಛತ್ರಿಯ ರಿಪೇರಿಗೆ. ಛತ್ರಿ ಕೆಟ್ಟಿರಲಿಲ್ಲ. ಅದರ ಒಂದು ಕಡ್ಡಿ ಬರುವ ಮಳೆಗಾಲದಲ್ಲಿ ಕೈಕೊಡಬಹುದೆಂದು ಅನುಮಾನ ಬಂದಿತ್ತು, ಅಷ್ಟೆ. ಐವತ್ತು ದಾಟಿದ ಮೇಲೆ ನನ್ನ ಓಡಾಟವೆಲ್ಲ ಇಂಥ ಅನುಮಾನಗಳ ಹಿಂದೆಯೇ. ರಿಪೇರಿಯವನು ಛತ್ರಿಯನ್ನು ಬಿಚ್ಚಿದ, ಮುಚ್ಚಿದ, ಮತ್ತೆ ಬಿಚ್ಚಿದ. "ಇದಕ್ಕೆ ಏನಾಗಿದೆ ಸಾರ್?" ಎಂದು ಕೇಳಿದ. "ಇನ್ನೂ ಏನೂ ಆಗಿಲ್ಲ" ಎಂದೆ. ಅವನು ಛತ್ರಿಯನ್ನು ಬಿಟ್ಟು ನನ್ನ ಮುಖವನ್ನೇ ಪರೀಕ್ಷೆ ಮಾಡಿ, ಅದನ್ನು ವಾಪಸ್ಸು ಕೊಟ್ಟ.

ಹಿಂತಿರುಗುವಾಗ ಗಲ್ಲಿಯ ಮೂಲೆಯಲ್ಲಿ ಒಬ್ಬ ಹೆಂಗಸು ಬಾನಿಯೊಂದರಲ್ಲಿ ಸುಟ್ಟ ಚಿಪ್ಪು ಸುರಿದು ನೀರು ಹೊಯ್ದಳು. ಚಿಪ್ಪು ಬುಸುಗುಟ್ಟಿ, ಚಟಪಟ ಸಿಡಿದು, ಹಬೆ ಎದ್ದಿತು. ಬಿಸಿ ಸುಣ್ಣದ ವಾಸನೆ. ಒದ್ದೆ ಗೋಡೆಯದ್ದು ಸ್ವಲ್ಪ, ಕಡಲಿನದ್ದು ಸ್ವಲ್ಪ. ನಾನು ದಾರಿಯ ನಡುವೆಯೇ ನಿಂತುಬಿಟ್ಟೆ. ಹಿಂದಿನಿಂದ ಈರುಳ್ಳಿ ಗಾಡಿಯವನು ನನ್ನ ವಂಶವನ್ನೆಲ್ಲ ನೆನೆಸಿಕೊಂಡ. ನನಗೆ ನೆನಪಾದದ್ದು ಕೊಚ್ಚಿಯ ಕಲೂರಿನ ಒಂದು ಹಿತ್ತಲು, ಹಲಸಿನ ಜಾತಿಯ ಒಂದು ಜೀಗುಜ್ಜೆ ಮರ, ಮತ್ತು ನನ್ನ ಅಕ್ಕ ಊಟದ ಬಗ್ಗೆ ಒಂದು ಮಾತೂ ಆಡದೆ ಕಳೆದ ಒಂದು ಮಳೆಗಾಲ.

ಅಕ್ಕ ಊಟದ ಬಗ್ಗೆ ಮಾತಾಡದಿರುವುದು ಎಂಥ ಸಂಗತಿ ಎಂದು ತಿಳಿಯಬೇಕಾದರೆ ಅಕ್ಕನನ್ನು ಕಂಡಿರಬೇಕು. ನಮ್ಮೂರು ಕಾಸರಗೋಡಿನ ಕಡೆ ಮದುವೆಯ ಅಡುಗೆಯವರು, ಸುಮಿತ್ರಕ್ಕ ಯಾವ ಪಂಕ್ತಿಗೆ ಕೂರುತ್ತಾಳೆ ಎಂದು ಮೊದಲೇ ವಿಚಾರಿಸಿ, ಆ ಪಂಕ್ತಿಗೆ ಬಡಿಸಲು ಗಟ್ಟಿ ಗುಂಡಿಗೆಯವರನ್ನೇ ಕಳಿಸುತ್ತಿದ್ದರು. "ಇದು ಮೆಣಸುಕಾಯಿಗೆ ಬೆಲ್ಲ ಹಾಕಿದ್ದಾ, ಅಲ್ಲ ಬೆಲ್ಲಕ್ಕೆ ಮೆಣಸು ತೋರಿಸಿದ್ದಾ?" ಎಂದು ಅವಳು ಕೇಳಿದರೆ ಪಕ್ಕದ ನಾಲ್ಕು ಎಲೆಯವರು ಕೈ ನಿಲ್ಲಿಸಿ ತಮ್ಮ ನಾಲಗೆಯನ್ನೇ ಸಂಶಯಿಸುತ್ತಿದ್ದರು. ತನ್ನ ಅಡುಗೆಯನ್ನೂ ಅವಳು ಬಿಟ್ಟವಳಲ್ಲ. ಸದಾಶಿವ ಭಾವ ಕೊಚ್ಚಿಯಲ್ಲಿ ಸರ್ಕಾರಿ ವಕೀಲರಾಗಿದ್ದರು. ದಿನವಿಡೀ ವಾದ ಕೇಳಿ ಮನೆಗೆ ಬಂದರೆ ಅಲ್ಲಿ ಸಾಂಬಾರಿನ ವಿಚಾರಣೆ. "ನಿಮ್ಮಕ್ಕನ ಕೋರ್ಟಿನಲ್ಲಿ ಖುಲಾಸೆ ಅಂತ ಇಲ್ಲ ರಘು, ಶಿಕ್ಷೆ ಕಮ್ಮಿ ಆದರೆ ಅದೇ ದೊಡ್ಡದು" ಎನ್ನುತ್ತಿದ್ದರು.

ನಾನಾಗ ತಿರುವನಂತಪುರದಲ್ಲಿ ಒಂದು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿದ್ದೆ. ಮದುವೆಯಾಗಿರಲಿಲ್ಲ. ಯಾಕೆಂದರೆ ಆದಮೇಲೆ ಏನೇನು ಆಗಬಹುದೆಂದು ಯೋಚಿಸಿ ಮುಗಿಯುವಷ್ಟರಲ್ಲಿ ವಯಸ್ಸು ದಾಟಿತ್ತು. ಶನಿವಾರ ಗಾಡಿ ಹತ್ತಿ ಕೊಚ್ಚಿಗೆ ಹೋಗುವುದು, ಅಕ್ಕನ ಮನೆಯಲ್ಲಿ ಬೈಸಿಕೊಂಡು ಉಣ್ಣುವುದು, ಭಾನುವಾರ ಸಂಜೆ ಮರಳುವುದು. ಪ್ರತಿಸಲ ಹೊರಡುವ ಮೊದಲು ಕೋಣೆಯ ಬೀಗ ಎಳೆದು ನೋಡಿ, ಬೀದಿಯ ಕೊನೆಯ ತನಕ ಹೋಗಿ, ವಾಪಸ್ಸು ಬಂದು ಮತ್ತೆ ಎಳೆಯುತ್ತಿದ್ದೆ. ಗ್ಯಾಸು, ನಲ್ಲಿ, ಫ್ಯಾನು, ಭೂಕಂಪ, ಪಿಂಚಣಿ, ಎಲ್ಲದಕ್ಕೂ ನನ್ನಲ್ಲಿ ಒಂದೊಂದು ಪಾಲು ಚಿಂತೆ ಎತ್ತಿಟ್ಟದ್ದಿತ್ತು. ಭಾವನಿಗೆ ಮಾತ್ರ ಇಟ್ಟಿರಲಿಲ್ಲ. ಅವರು ಚಿಂತೆ ಮಾಡಬೇಕಾದಂಥ ಮನುಷ್ಯನೇ ಅಲ್ಲ. ಚಳಿಗಾಲವೆಂದು ಹೆಸರಿಗೆ ಕರೆಯುವ ಆ ದಿನಗಳಲ್ಲಿ, ಕೋರ್ಟಿನ ಪಡಸಾಲೆಯ ಬೆಂಚಿನಲ್ಲಿ, ಕೈಯಲ್ಲಿ ಕಡತ ಹಿಡಿದೇ ಅವರು ಹೋಗಿಬಿಟ್ಟರು.

ನನಗೆ ಅಳು ಬರಲಿಲ್ಲ. ಬರುತ್ತದೆಂದು ಕಾದೆ, ಕಲೂರಿನ ಸ್ಟ್ಯಾಂಡಿನಲ್ಲಿ ಬಸ್ಸು ಕಾದ ಹಾಗೆ. ಅದು ಬರಲಿಲ್ಲ, ನಾನು ನಡೆದೇ ಮನೆ ಸೇರಿದೆ ಎನ್ನಬೇಕು. ವಿಚಿತ್ರವೆಂದರೆ ಅದರ ಜೊತೆಗೆ ಚಿಂತೆಯೂ ನಿಂತುಹೋಯಿತು. ಬೀಗ ಒಂದೇ ಸಲ ಹಾಕಿ ಹೊರಡುತ್ತಿದ್ದೆ. ಹಾಕಿದೆನೋ ಇಲ್ಲವೋ ಎಂದು ನೋಡಬೇಕೆಂದೇ ಅನಿಸುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಎಲ್ಲರೂ ಚೇಚ್ಚಿ, ಅಂದರೆ ಅಕ್ಕ, ಎಂದು ಕರೆಯುವ ಲತಿಕಾ ನನ್ನನ್ನು ಗಮನಿಸಿ, "ರಘು ಸಾರ್ ಈಗ ಎಷ್ಟು ಶಾಂತ! ಯೋಗ ಮಾಡುತ್ತೀರಾ?" ಎಂದರು. ಹೌದೆಂದೆ. ಸುಳ್ಳು ಹೇಳಿದ್ದಕ್ಕೂ ಏನೂ ಅನಿಸಲಿಲ್ಲ.

ಅಕ್ಕನೂ ಅಳಲಿಲ್ಲ. ಹದಿಮೂರನೆಯ ದಿನ ಊರಿನಿಂದ ಬಂದವರೆಲ್ಲ ಹೋದಮೇಲೆ ಅವಳು ಅಡುಗೆಮನೆ ತೊಳೆದು, ನನ್ನ ಕೈಗೆ ಸೌಟು ಕೊಟ್ಟು, "ನೀನು ಬಂದಾಗ ನೀನೇ ಏನಾದ್ರೂ ಮಾಡು ಮಾರಾಯ, ನನಗೆ ಕೈ ಹೋಗುವುದಿಲ್ಲ" ಎಂದಳು. ನಾನು ಅಡುಗೆ ಮಾಡಿದರೆ ಹೇಗಿರುತ್ತದೆ ಎನ್ನಲು ಇಷ್ಟು ಸಾಕು: ಒಮ್ಮೆ ನನ್ನ ಉಪ್ಪಿಟ್ಟನ್ನು ನೋಡಿ ಭಾವ, ಇದನ್ನು ಕಟ್ಟಡದ ಕೆಲಸಕ್ಕೆ ಬಳಸಬಹುದೇ ಎಂದು ಕೇಳಿದ್ದರು. ಈಗ ಅಕ್ಕ ಅದನ್ನೇ ತಟ್ಟೆಗೆ ಹಾಕಿಕೊಂಡು, ಕೊನೆಯ ತುತ್ತಿನವರೆಗೂ ತಿಂದು, ತಟ್ಟೆ ತೊಳೆದಿಡುತ್ತಿದ್ದಳು. ಒಂದು ಭಾನುವಾರ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಬಾಯಿಗಿಟ್ಟಾಗ ಗೊತ್ತಾಗಿ ಅವಳ ಮುಖ ನೋಡಿದೆ. ಅವಳು ಅನ್ನ ಕಲಸಿ ಉಣ್ಣುತ್ತಲೇ ಇದ್ದಳು. ಮಗಳು ದೀಪಾ ಕೊಚ್ಚಿಯಲ್ಲೇ ಬೆಳೆದವಳು, ಕಾಲೇಜಿಗೆ ಹೋಗುತ್ತಿದ್ದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ. ಅವಳು ಉಪ್ಪಿನ ಭರಣಿಯನ್ನು ನನ್ನ ಕಡೆ ತಳ್ಳಿ, "ಅಮ್ಮ ಒನ್ನುಂ ಪರಯುನ್ನಿಲ್ಲಲ್ಲೋ ಮಾಮಾ" ಎಂದಳು. ಅಮ್ಮ ಏನೂ ಹೇಳುವುದಿಲ್ಲವಲ್ಲ. ಅದನ್ನೇ ನಾನೂ ನೋಡುತ್ತಿದ್ದೆ.

ಮಳೆ ಶುರುವಾದ ಮೇಲೆ ಅಕ್ಕ ಬಾಯಿಬಿಟ್ಟದ್ದು ಜೀಗುಜ್ಜೆ ಮರದ ವಿಷಯಕ್ಕೆ.

ಆ ಮರ ಭಾವ ಊರಿನಿಂದ ತಂದದ್ದು. ಜೀಗುಜ್ಜೆಗೆ ಬೀಜವಿಲ್ಲ, ದೊಡ್ಡ ಮರದ ಬೇರಿನಿಂದ ಎದ್ದ ಮರಿಯನ್ನೇ ಕಿತ್ತು ನೆಡಬೇಕು. ಅದನ್ನವರು ಒದ್ದೆ ಗೋಣಿಯಲ್ಲಿ ಸುತ್ತಿ, ರಾತ್ರಿ ಗಾಡಿಯಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದರು. ಹಿತ್ತಿಲಾಚೆ ಒಂದು ತೋಡು ಹರಿಯುತ್ತದೆ. ಊರಿನಲ್ಲಿ ತೆಂಗಿಗೆ ಹಾಕುವ ಹಾಗೆ, ಆ ತೋಡಿನ ಕೆಸರು ತೆಗೆಸಿ ಮರದ ಬುಡಕ್ಕೆ ಹಾಕುವುದು ಭಾವನ ವಾರ್ಷಿಕ ವ್ರತ. ಮರ ಪಕ್ಕದ ಮನೆಯ ಗೋಡೆಗಿಂತ ಎತ್ತರಕ್ಕೆ ಹೋಗಿ, ಹಸ್ತದಂಥ ದೊಡ್ಡ ಎಲೆಗಳನ್ನು ಪಕ್ಕದ ವರ್ಗೀಸ್ ಚೇಟ್ಟನ, ಅಂದರೆ ವರ್ಗೀಸಣ್ಣನ, ಅಂಗಳಕ್ಕೆ ಧಾರಾಳವಾಗಿ ಉದುರಿಸುತ್ತಿತ್ತು. ವರ್ಗೀಸ್ ಹಡಗಿನ ಎಂಜಿನುಗಳ ಜೊತೆ ಕಾಲ ಕಳೆದು ನಿವೃತ್ತರಾದವರು. ಮಾತೂ ಎಂಜಿನ್ ಕೋಣೆಯಲ್ಲಿ ಆಡಿದ ಹಾಗೆ ಜೋರು. ಎಲೆಯ ಬಗ್ಗೆ, ಕೆಸರಿನ ನಾತದ ಬಗ್ಗೆ ಇಬ್ಬರೂ ಗೋಡೆಯ ಮೇಲಿಂದ ಜಗಳವಾಡುತ್ತಿದ್ದರು. ಜಗಳ ಮುಗಿದಮೇಲೆ ಅದೇ ಗೋಡೆಯ ಮೇಲಿಂದ ಜೀಗುಜ್ಜೆ ಆ ಕಡೆ, ಬಾಳೆಗೊನೆಯ ಒಂದು ಚಿಪ್ಪು ಈ ಕಡೆ.

ಈಗ ಮರಕ್ಕೆ ಏನೋ ಆಗಿತ್ತು. ಹಳೆ ಎಲೆಗಳು ಅಂಚಿನಿಂದ ಹಳದಿಯಾಗಿ ಬೀಳುತ್ತಿದ್ದವು. ಹೊಸ ಎಲೆ ಮಗುವಿನ ಅಂಗೈಯಷ್ಟಾಗಿ, ಮುದುಡಿ, ಅಲ್ಲಿಗೇ ನಿಲ್ಲುತ್ತಿತ್ತು. ಕೇರಿಯವರೆಲ್ಲ ಒಂದೊಂದು ಔಷಧಿ ಹೇಳಿದ್ದರು. ಒಬ್ಬರ ಮಾತಿಗೆ ಯೂರಿಯಾ, ಇನ್ನೊಬ್ಬರ ಮಾತಿಗೆ ಎಲುಬಿನ ಪುಡಿ, ಮತ್ತೊಬ್ಬರ ಮಾತಿಗೆ ಮೀನು ತೊಳೆದ ನೀರು. ಬ್ರಾಹ್ಮಣರ ಹಿತ್ತಲಿಗೆ ಮೀನಿನ ನೀರು ಬಂದರೂ ಅಕ್ಕ ಸುಮ್ಮನಿದ್ದಳು. ಮನೆಯೊಳಗೂ ಅದೇ ಕತೆ. ಊರಿನಿಂದ ಬರುವವರ ಕೈಯಲ್ಲೆಲ್ಲ ಅಕ್ಕನಿಗೆಂದು ಡಬ್ಬಿಗಳು ಬರುತ್ತಿದ್ದವು: ಮಾವಿನ ಮಿಡಿ, ಹಲಸಿನ ಹಪ್ಪಳ, ತುಪ್ಪದುಂಡೆ. ಕಪಾಟು ತುಂಬಿ ಮುಚ್ಚುತ್ತಿರಲಿಲ್ಲ.

"ನೋಡು ಇಲ್ಲಿ" ಎಂದು ಅಕ್ಕ ನನ್ನನ್ನು ಮರದ ಬಳಿಗೆ ಕರೆದೊಯ್ದು ಕಾಂಡದಲ್ಲಿ ಒಂದು ತೂತು ತೋರಿಸಿದಳು. "ಪಾದರಸ. ಇಲ್ಲಿಯವರಿಗೆ ಅದು ಗೊತ್ತುಂಟು. ತೂತು ಕೊರೆದು ಪಾದರಸ ಹೊಯ್ದರೆ ಎಂಥ ಮರವೂ ಸಾಯ್ತದಂತೆ."

"ಯಾರು ಹೊಯ್ದದ್ದು ಅಕ್ಕ?"

"ಎಲೆ ಬಿದ್ದರೆ ಯಾರಿಗೆ ಕಷ್ಟ?" ಅವಳು ಗೋಡೆಯ ಕಡೆಗೆ ಗದ್ದ ಎತ್ತಿದಳು. "ಅವರು ಇರುವಾಗ ಧೈರ್ಯ ಬರಲಿಲ್ಲ. ಈಗ ಕೇಳುವವರಿಲ್ಲ ಅಂತ. ನಿನ್ನ ಲ್ಯಾಬಿನಿಂದ ನನಗೆ ಒಂದು ರಿಪೋರ್ಟು ಬೇಕು. ಮರ ಉಳಿದರೆ ಸರಿ. ಹೋದರೆ ನಾನು ಆ ಮನುಷ್ಯನನ್ನು ಸ್ಟೇಷನ್ನಿಗೆ ಹತ್ತಿಸದೆ ಬಿಡುವುದಿಲ್ಲ."

ಹಿಂದಿನ ನಾನಾದರೆ ಇಷ್ಟಕ್ಕೆ ಮೂರು ರಾತ್ರಿ ನಿದ್ದೆಗೆಡುತ್ತಿದ್ದೆ. ಈಗ ಸುಮ್ಮನೆ ಹಾರೆ ತೆಗೆದುಕೊಂಡು ಅಗೆಯತೊಡಗಿದೆ. ಬುಡದ ಸುತ್ತ ದಪ್ಪ ಪದರ ಕೆಸರು ಹರಡಿತ್ತು. ಬೇಸಿಗೆಯಲ್ಲಿ ತೋಡಿಗೆ ಜೆಸಿಬಿ ಬಂದು ಹೂಳೆತ್ತಿದಾಗ ಅಕ್ಕ ಆಳುಗಳನ್ನು ಹಿಡಿದು ಹಾಕಿಸಿದ್ದಂತೆ. "ಅವರು ಇದ್ದಿದ್ದರೆ ಮೂಲೆಯಲ್ಲಿ ರಾಶಿ ಹಾಕಿ ವರ್ಷಗಟ್ಟಲೆ ಇಡ್ತಿದ್ದರು. ನಾನು ತೆಗೆದ ದಿವಸವೇ ಹಾಕಿಸಿದೆ" ಎಂದಳು. ಗಂಡ ಹೋದಮೇಲೆ ಅವಳು ಮಾಡಿದ ಮೊದಲ ಕೆಲಸ ಅದು. ಕೆಸರು ಬೇಸಿಗೆಯ ಬಿಸಿಲಿಗೇ ಒಣಗಿ ಬಿರಿದು, ಬಿರುಕಿನಲ್ಲಿ ಅರಸಿನದಂಥ ಹಳದಿ ಗೆರೆಗಳು ಕಾಣುತ್ತಿದ್ದವು. ಕೆಳಗಿನ ಎಳೆ ಬೇರುಗಳನ್ನು ತೊಳೆದು ನೋಡಿದೆ. ಬಿಳಿಯಾಗಿ, ದಾರದಂತೆ ಇರಬೇಕಾದ ತುದಿಗಳು ಕಂದಾಗಿ, ಮೊಂಡಾಗಿ, ಮುಟ್ಟಿದರೆ ಮುರಿಯುವಂತಿದ್ದವು.

ಇದನ್ನು ನಾನು ನೂರಾರು ಸಲ ನೋಡಿದ್ದೆ. ನನ್ನ ನೌಕರಿಯೇ ಅದು. ಊರಿನ ನೆಂಟರಿಗೆ ನಾನು ಅಲ್ಯೂಮಿನಿಯಂ ಬಗ್ಗೆ ಕೆಲಸ ಮಾಡುತ್ತೇನೆಂದು ಹೇಳಿದಾಗ ಅವರು ಪಾತ್ರೆ ಅಂಗಡಿ ಎಂದುಕೊಂಡಿದ್ದರು. ವಿಷಯ ಇಷ್ಟೆ: ಅಲ್ಯೂಮಿನಿಯಂ ಎಲ್ಲ ಮಣ್ಣಿನಲ್ಲೂ ಇದೆ, ಜೇಡಿಯೊಳಗೆ ಕಟ್ಟುಬಿದ್ದು ತನ್ನ ಪಾಡಿಗಿರುತ್ತದೆ. ಮಣ್ಣು ತೀರ ಹುಳಿಯಾದರೆ ಮಾತ್ರ ಕಟ್ಟು ಬಿಚ್ಚಿ ನೀರಿಗೆ ಇಳಿಯುತ್ತದೆ. ಅದಕ್ಕೆ ಮೊದಲು ಸಿಗುವುದು ಬೇರಿನ ತುದಿ. ತುದಿ ಬೆಳೆಯುವುದನ್ನು ನಿಲ್ಲಿಸುತ್ತದೆ. ಸುಣ್ಣದಂಶ, ಮೆಗ್ನೀಸಿಯಂ ಒಳಹೋಗುವ ಬಾಗಿಲಲ್ಲಿ ಅಲ್ಯೂಮಿನಿಯಂ ಬಂದು ಕೂತು ದಾರಿ ಕೊಡುವುದಿಲ್ಲ. ರಂಜಕವನ್ನು ಹೊಸಿಲಲ್ಲೇ ಹಿಡಿದು ತನಗೆ ಅಂಟಿಸಿಕೊಳ್ಳುತ್ತದೆ. ಎಷ್ಟು ಗೊಬ್ಬರ ಸುರಿದರೂ ಅದು ಹೊರಗೇ ಉಳಿಯುತ್ತದೆ, ಯೂರಿಯಾದಂಥದ್ದು ಹುಳಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮರ ಉಪವಾಸ ಬೀಳುವುದು ಅನ್ನವಿಲ್ಲದೆ ಅಲ್ಲ.

ಮಣ್ಣನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಕೊಂಡು ಗಾಡಿ ಹತ್ತಿದೆ. ಎದುರು ಕೂತಿದ್ದ ಅಜ್ಜಿ ನಾತ ತಾಳಲಾರದೆ, "ಮಗನೇ, ಒಣಮೀನು ಯಾವ ಊರಿನದು?" ಎಂದು ಕೇಳಿದರು. "ಕಲೂರಿನದು" ಎಂದೆ. "ಕೆಟ್ಟಿದೆ, ತಿನ್ನಬೇಡ" ಎಂದು ನಿಜವಾದ ಕಾಳಜಿಯಿಂದ ಹೇಳಿ ಆಚೆ ಸರಿದು ಕೂತರು.

ಪ್ರಯೋಗಾಲಯದಲ್ಲಿ ಮಣ್ಣನ್ನು ಉಪ್ಪಿನ ದ್ರಾವಣದಲ್ಲಿ ಕುಲುಕಿ, ಸೋಸಿ, ಕ್ಷಾರವನ್ನು ಹನಿಹನಿಯಾಗಿ ಬಿಟ್ಟೆ. ತಿಳಿಗುಲಾಬಿ ಬಂತು. ಒಟ್ಟು ಹುಳಿ ಎಷ್ಟೆಂದು ಅದು ಹೇಳುತ್ತದೆ. ಅದರಲ್ಲಿ ಅಲ್ಯೂಮಿನಿಯಂ ಎಷ್ಟೆಂದು ತಿಳಿಯಲು ಒಂದಿಷ್ಟು ಫ್ಲೋರೈಡ್ ಸೇರಿಸಬೇಕು. ಅಲ್ಯೂಮಿನಿಯಂ ಇದ್ದರೆ ಬಣ್ಣ ಗಾಢವಾಗುತ್ತದೆ. ನಾನು ಸೇರಿಸಿದೆ. ಇಡೀ ಗಾಜು ದಾಸವಾಳದ ಬಣ್ಣಕ್ಕೆ ತಿರುಗಿತು. ಲತಿಕಾ ಚೇಚ್ಚಿ ಬಂದು ನೋಡಿ, "ಅಯ್ಯೋ ದೇವರೇ, ಇದು ಯಾವ ತೋಟದ್ದು? ಇದರಲ್ಲಿ ಮರ ಹೇಗೆ ನಿಂತಿದೆ?" ಎಂದರು. ಇಂಥ ಬಣ್ಣ ನೋಡಿದರೆ ಮೊದಲೆಲ್ಲ ನನಗೆ ಒಂಥರಾ ಹುರುಪು ಬರುತ್ತಿತ್ತು. ಆ ದಿನ ಅದೊಂದು ಬಣ್ಣ, ಅಷ್ಟೆ. ಗಾಜು ತೊಳೆದಿಟ್ಟೆ. ಪಾದರಸವೂ ಇಲ್ಲ, ವರ್ಗೀಸೂ ಇಲ್ಲ. ಅಕ್ಕ ಹಾಕಿಸಿದ ಕೆಸರೇ ಮರವನ್ನು ಕೊಲ್ಲುತ್ತಿತ್ತು.

ಹೇಗೆ ಹೇಳುವುದು? ಸಂಜೆ ಬೂತಿನಿಂದ ಫೋನು ಮಾಡಿ, ಪಾಪದ ಹೊರೆಯನ್ನು ಯಂತ್ರದ ಮೇಲೆ ಹಾಕಿದೆ. "ಅಕ್ಕ, ಪಾದರಸ ಅಲ್ಲ. ಜೆಸಿಬಿ ತೀರ ಆಳದಿಂದ ಕೆಸರು ತೆಗೆದಿದೆ. ಗಾಳಿ ತಾಗಿ ಅದು ಹುಳಿಯಾಗಿದೆ. ಮಳೆ ಬಂದಮೇಲೆ ಹುಳಿ ಬೇರಿಗೆ ಇಳಿದಿದೆ."

ಅವಳು ವಕೀಲರ ಹೆಂಡತಿ. ಕೂಡಲೇ ಕೇಳಿದಳು, "ಇವರು ಪ್ರತಿವರ್ಷ ಹಾಕಿದ್ದೂ ಅದೇ ತೋಡಿನ ಕೆಸರು. ಎರಡು ವರ್ಷದ ಹಿಂದೆ ಜೆಸಿಬಿಯವರೇ ತೆಗೆದದ್ದನ್ನೂ ಹಾಕಿದ್ದರು. ಆಗ ಇಲ್ಲದ ವಿಷ ಈಗ ಹೇಗೆ ಬಂತು? ಹೇಳು."

ಇನ್ನೊಮ್ಮೆ ಮಣ್ಣು ನೋಡಿ ಹೇಳುತ್ತೇನೆ ಎಂದೆ.

"ನಿನಗೆ ಯಾರ ಜೊತೆಯೂ ಜಗಳ ಆಗಬಾರದು. ನಿನ್ನ ರಿಪೋರ್ಟು ನಿನ್ನ ಹತ್ತಿರವೇ ಇರಲಿ" ಎಂದು ಫೋನು ಇಟ್ಟಳು.

ಮುಂದಿನ ಸಲ ನಾನು ಹೋದಾಗ ಕರ್ಕಾಟಕದ ಮಳೆ. ನಮ್ಮ ಕಡೆಯ ಆಟಿ ತಿಂಗಳು, ಆಷಾಢದ ಹೊತ್ತು. ಮರದ ನೆತ್ತಿ ಬೋಳಾಗಿತ್ತು. ಬೆಳಗ್ಗೆ ಮಳೆ ನಿಂತು ಒಂದು ಹೊಳವು ಸಿಕ್ಕಿದ್ದೇ ಅಕ್ಕ ಹಿತ್ತಿಲಿಗೆ ನಡೆದಳು. "ಬಾ, ನೀನು ಸಾಕ್ಷಿ. ಮಧ್ಯದಲ್ಲಿ ಬಾಯಿ ಹಾಕಬೇಡ" ಎಂದು ನನ್ನನ್ನು ಪಕ್ಕಕ್ಕೆ ನಿಲ್ಲಿಸಿ ಗೋಡೆಯಾಚೆ ಕೂಗಿದಳು. ವರ್ಗೀಸ್ ಚೇಟ್ಟನ್ ಮುಂಡು ಎತ್ತಿಕಟ್ಟಿಕೊಂಡು, ಬನಿಯನ್ನಿನಲ್ಲಿ ಬಂದರು. ಭಾವ ಹೋದಮೇಲೆ ಆ ಇಬ್ಬರು ಎದುರುಬದುರಾದದ್ದು ಅದೇ ಮೊದಲು. ಮಾತೆಲ್ಲ ಮಲಯಾಳದಲ್ಲಿ ನಡೆಯಿತು. ನಾನು ಕನ್ನಡದಲ್ಲಿ ಬರೆಯುತ್ತೇನೆ.

"ನಿಮಗೆ ಎಲೆ ಗುಡಿಸುವುದು ಅಷ್ಟು ಕಷ್ಟವಾದರೆ ಬಾಯಿಬಿಟ್ಟು ಹೇಳಬಹುದಿತ್ತು. ಮರಕ್ಕೆ ವಿಷ ಯಾಕೆ ಹಾಕಿದಿರಿ?"

ವರ್ಗೀಸ್ ನನ್ನ ಮುಖ ನೋಡಿದರು. ನಾನು ಮರದ ಮುಖ ನೋಡಿದೆ.

"ನಾನಾ? ವಿಷವಾ? ಚೇಚ್ಚಿ, ಆ ತೂತನ್ನು ನಾನೂ ಇಲ್ಲಿಂದ ನೋಡಿದ್ದೇನೆ. ಅದು ಹುಳು ಕೊರೆದದ್ದು, ಬುಡದಲ್ಲಿ ಮರದ ಪುಡಿ ಬಿದ್ದದ್ದು ಕಾಣುತ್ತದಲ್ಲ! ನನ್ನ ಮೇಲೆ ಹಾಕುತ್ತೀರಾ?" ಅವರ ದನಿ ತೋಡಿನಾಚೆಗೂ ಕೇಳುವಂತಿತ್ತು. "ನಾನೇ ನಿಮ್ಮನ್ನು ಕೇಳಬೇಕು. ಆ ಕೆಸರನ್ನು ಯಾಕೆ ಹಸಿಯಾಗಿಯೇ ಹಾಕಿಸಿದಿರಿ? ಒಂದು ಮಳೆಗಾಲ ಪೂರ್ತಿ ಅದರ ಮೇಲೆ ಮಳೆ ಸುರಿಯದೆ ವಕೀಲ್ ಸಾರ್ ಅದನ್ನು ಮುಟ್ಟುತ್ತಿದ್ದರಾ? ಈ ಮೂಲೆಯಲ್ಲಿ ರಾಶಿ. ನನ್ನ ಊಟದ ಕೋಣೆಯ ಕಿಟಕಿಯ ಕೆಳಗೇ. ವರ್ಷಾ ವರ್ಷಾ ನಾತ. ನಾನು ಕೂಗಾಡಿದರೆ, 'ವರ್ಗೀಸೇ, ಒಂದು ಮಳೆ ತಿಂದಮೇಲೇ ಅದು ಗೊಬ್ಬರ, ಅಲ್ಲಿ ತನಕ ವಿಷ, ಸ್ವಲ್ಪ ಮೂಗು ಮುಚ್ಚಿಕೋ' ಎನ್ನುತ್ತಿದ್ದರು. ಈ ವರ್ಷ ನಾತವಿಲ್ಲ ಎಂದು ನಾನು ಸಂತೋಷಪಡಲಿಲ್ಲ ಚೇಚ್ಚಿ. ಹೇಳೋಣವೆಂದರೆ ನೀವು ಈ ಕಡೆ ಮುಖವನ್ನೇ ತಿರುಗಿಸುತ್ತಿರಲಿಲ್ಲ."

ಹೊಳವು ಮುಗಿದು ಮತ್ತೆ ಹನಿ ಬೀಳತೊಡಗಿತು. ಫೋನಿನಲ್ಲಿ ಅಕ್ಕ ಕೇಳಿದ್ದ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಮಳೆ ಒಂದು ವರ್ಷ ಆ ರಾಶಿಯ ಹುಳಿಯನ್ನು ತೊಳೆದು ತೋಡಿಗೇ ವಾಪಸ್ಸು ಕೊಡುತ್ತಿತ್ತು. ಅದು ಭಾವನಿಗೆ ಗೊತ್ತಿತ್ತು, ಜಗಳದ ಪುಣ್ಯದಿಂದ ವರ್ಗೀಸರಿಗೂ ಗೊತ್ತಿತ್ತು. ಸೋಮಾರಿತನ ಎಂದುಕೊಂಡದ್ದು ಅಕ್ಕ ಒಬ್ಬಳೇ.

"ನನಗೆ ಅವರು ಹೇಳಲಿಲ್ಲ" ಎಂದಳು ಅಕ್ಕ. ಕನ್ನಡದಲ್ಲಿ ಹೇಳಿದಳು, ಯಾರಿಗೆಂದು ಗೊತ್ತಿಲ್ಲ. ಬುಡದ ಕೆಸರನ್ನು ನೋಡುತ್ತ, "ನಾನು ಕೇಳಲೂ ಇಲ್ಲ. ರಾಶಿ ಹಾಕಿ ಇಡ್ತೀರಿ, ಒಂದು ಕೆಲಸ ಮುಗಿಸಲಿಕ್ಕೆ ಆಗುವುದಿಲ್ಲ ನಿಮಗೆ ಅಂತ ಬೈದದ್ದು."

ಈಗ ಕುಸಿದಾಳು, ಈಗ ಅತ್ತಾಳು ಎಂದು ನಾನು ನೋಡುತ್ತಿದ್ದೆ. ಅವಳು ಸೆರಗು ಸಿಕ್ಕಿಸಿ, ಗೋಡೆಗೆ ಒರಗಿಸಿದ್ದ ಗುದ್ದಲಿ ತೆಗೆದುಕೊಂಡು ಬುಡದ ಕೆಸರನ್ನು ಕೆರೆಯಲು ಶುರುಮಾಡಿದಳು. ಮಳೆ ಜೋರಾಯಿತು. ನಾನು ಬುಟ್ಟಿ ಹಿಡಿದೆ. ಎಳೆ ಬೇರಿಗೆ ಗುದ್ದಲಿ ತಾಗದಂತೆ ಕೆಲವು ಕಡೆ ಕೈಯಲ್ಲೇ ತೆಗೆಯಬೇಕಾಯಿತು. ದೀಪಾ ಹೊರಗೆ ಬಂದು ನೋಡಿ, ಇನ್ನೊಂದು ಬುಟ್ಟಿ ತಂದಳು. ಸ್ವಲ್ಪ ಹೊತ್ತಿನಲ್ಲಿ ವರ್ಗೀಸ್ ಗೇಟಿನಿಂದ ಸುತ್ತಿಬಂದು, "ಹೀಗೆ ಕೆರೆದರೆ ಓಣಂ ತನಕ ಕೆರೆಯಬೇಕಾಗುತ್ತದೆ" ಎಂದು ಅಕ್ಕನ ಕೈಯಿಂದ ಗುದ್ದಲಿ ಕಸಿದುಕೊಂಡರು.

"ಇಷ್ಟು ದಿವಸ ಹಾಕಿದ ಗೊಬ್ಬರ ಎಲ್ಲ ಎಂತ ಆಯ್ತು?" ಕೆಸರು ಬಳಿಯುತ್ತ ಅಕ್ಕ ಕೇಳಿದಳು.

"ಎಲ್ಲ ಅಲ್ಲೇ ಉಂಟು. ಬೇರಿಗೆ ತೆಗೆದುಕೊಳ್ಳಲಿಕ್ಕೆ ಆಗುವುದಿಲ್ಲ."

"ಬಡಿಸಿದ್ದು ಉಂಟು, ಉಣ್ಣಲಿಕ್ಕೆ ಬಾಯಿಲ್ಲ" ಎಂದಳು. ಮರದ ಬಗ್ಗೆಯೇ ಹೇಳಿದ್ದು. ನಾನೂ ಮರದ ಬಗ್ಗೆಯೇ ಹೌದೆಂದೆ.

ಸುಣ್ಣ ಬೇಕೆಂದು ನಾನು ಹೇಳಿದ್ದಕ್ಕೆ ಮರುದಿನ ವರ್ಗೀಸ್ ಕಾಯಲಿನ, ಅಂದರೆ ಹಿನ್ನೀರಿನ, ಕಡೆಯಿಂದ ಸುಟ್ಟ ಚಿಪ್ಪಿನ ಮೂಟೆಯನ್ನು ಸ್ಕೂಟರಿನ ಕಾಲಬುಡದಲ್ಲಿಟ್ಟುಕೊಂಡು ತಂದರು. ಅಕ್ಕನ ಹಳೆಯ ಹಂಡೆಯಲ್ಲಿ ನೀರು ಹೊಯ್ದಾಗ ಅದು ಬುಸುಗುಟ್ಟಿ ಹಬೆ ಹಿತ್ತಿಲನ್ನೆಲ್ಲ ತುಂಬಿತು. ಆ ವಾಸನೆ. ಹುಳಿಯನ್ನು ಸುಣ್ಣ ಮುರಿಯುತ್ತದೆ, ಅಲ್ಯೂಮಿನಿಯಂ ಮತ್ತೆ ಗಟ್ಟಿಯಾಗಿ ಮಣ್ಣಿಗೆ ಕಟ್ಟುಬೀಳುತ್ತದೆ ಎಂದು ನಾನು ಉಪನ್ಯಾಸ ಕೊಟ್ಟೆ. "ಮರಕ್ಕೆ ಇದೆಲ್ಲ ಗೊತ್ತುಂಟಾ?" ಎಂದು ವರ್ಗೀಸ್ ಕೇಳಿದರು. ತಣಿದ ಸುಣ್ಣವನ್ನು ಬುಡದ ಸುತ್ತ ಚೆಲ್ಲಿ ಮಣ್ಣಿಗೆ ಬೆರೆಸಿದೆವು. ಎಲ್ಲರ ಕಾಲೂ ಬೆಳ್ಳಗಾದವು.

ಗೊತ್ತಿದ್ದರೂ ಮರಕ್ಕೆ ಸಮಯವಿರಲಿಲ್ಲ. ಸುಣ್ಣ ಮೇಲಿನಿಂದ ಇಳಿಯುವುದು ಬಲು ನಿಧಾನ, ಹುಳಿ ಅದಕ್ಕಿಂತ ಮೊದಲೇ ಆಳಕ್ಕೆ ಹೋಗಿತ್ತು. ಓಣಂ ಹೊತ್ತಿಗೆ ಒಂದು ಎಲೆಯೂ ಉಳಿಯಲಿಲ್ಲ. ಗಾಳಿಗೆ ಮನೆಯ ಮೇಲೆ ಬಿದ್ದೀತೆಂದು ಕಡಿಸಬೇಕಾಯಿತು. ಕೊಡಲಿಯ ಸದ್ದಿಗೆ ಅಕ್ಕ ಹೊರಗೆ ಬರಲಿಲ್ಲ. ಒಳಗೆ ಕೂತು ಕಪಾಟಿನ ಡಬ್ಬಿಗಳನ್ನು ಒರೆಸುತ್ತಿದ್ದಳು. ಆ ಮಧ್ಯಾಹ್ನ ನಾನು ಮಾಡಿದ ಪಾಯಸ ತಳ ಹಿಡಿದಿತ್ತು. ಇಬ್ಬರೂ ಉಂಡೆವು. ಕೇರಿಯಲ್ಲೆಲ್ಲ ಪೂಕಳಂ ಎಂಬ ಹೂವಿನ ರಂಗೋಲಿ, ನಮ್ಮ ಹಿತ್ತಿಲಲ್ಲಿ ಅಷ್ಟಗಲ ಆಕಾಶ. ನನಗೆ ಏನೂ ಅನಿಸಲಿಲ್ಲ ಎಂಬುದಷ್ಟೇ ನೆನಪಿದೆ.

ತುಲಾ ತಿಂಗಳ ಹಿಂಗಾರು ಮಳೆಯಲ್ಲಿ ಒಂದು ಶನಿವಾರ ಸಂಜೆ, ಗುಡುಗಿನ ನಡುವೆ ಗೋಡೆಯಾಚೆಯಿಂದ ಇನ್ನೊಂದು ಗುಡುಗು. "ಚೇಚ್ಚೀ! ಇಲ್ಲಿ ಬನ್ನಿ, ಬೇಗ!" ಅಕ್ಕ ನನ್ನ ಛತ್ರಿ ಕಸಿದುಕೊಂಡು ನಡೆದಳು. ನಾನು ನೆನೆಯುತ್ತ ಹಿಂದೆ ಹೋದೆ. ವರ್ಗೀಸರ ಅಂಗಳದಲ್ಲಿ, ಗೋಡೆಯಿಂದ ಸ್ವಲ್ಪ ದೂರದಲ್ಲಿ, ಬಾಳೆಯ ಬುಡದ ಪಕ್ಕದಲ್ಲಿ ಒಂದು ಗಿಡ ಎದ್ದಿತ್ತು. ಎಲೆ ಇನ್ನೂ ಪೂರ್ತಿ ಬಿಚ್ಚಿರಲಿಲ್ಲ, ಆದರೆ ಹಸ್ತದಂಥ ಸೀಳು ಕಾಣುತ್ತಿತ್ತು. ಗೋಡೆಯ ಅಡಿಯಿಂದ ನುಸುಳಿ ಹೋಗಿದ್ದ ಬೇರು. ಬಾಳೆಗೆಂದು ಅಗೆಯುವಾಗ ಗುದ್ದಲಿ ತಾಗಿ ಗಾಯವಾಗಿತ್ತಂತೆ. ಜೀಗುಜ್ಜೆಯ ಬೇರು ಗಾಯವಾದಲ್ಲೇ ಮರಿ ಹಾಕುತ್ತದೆ. ಆ ಕಡೆಗೆ ನಮ್ಮ ಕೆಸರು ಹೋಗಿರಲಿಲ್ಲ.

"ಕಿತ್ತು ಕೊಡಲಾ? ನಿಮ್ಮದು ತಾನೇ?" ಎಂದರು ವರ್ಗೀಸ್.

ಅಕ್ಕ ಬಗ್ಗಿ ನೋಡಿದಳು, ಮುಟ್ಟಲಿಲ್ಲ. "ಬೇಡ. ಅಲ್ಲೇ ಇರಲಿ. ನಮ್ಮ ಮಣ್ಣು ಇನ್ನೂ ಸರಿಯಾಗಿಲ್ಲ." ಆಮೇಲೆ ಸೇರಿಸಿದಳು, "ಎಲೆ ಮಾತ್ರ ನಮ್ಮ ಅಂಗಳಕ್ಕೆ ಬೀಳಬಾರದು, ನೋಡಿ."

ವರ್ಗೀಸ್ ಆ ಮಾತಿಗೆ ಎಷ್ಟು ಜೋರಾಗಿ ನಕ್ಕರೆಂದರೆ ಅವರ ನಾಯಿ ಬೊಗಳತೊಡಗಿತು.

ಮರುದಿನ ಮಧ್ಯಾಹ್ನ ನಾನು ಎಂದಿನಂತೆ ಸಾರು ಮಾಡಿದೆ, ಅನ್ನ ಮಾಡಿದೆ, ಬಡಿಸಿದೆ. ಅಕ್ಕ ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಕೈ ಅಲ್ಲೇ ನಿಂತಿತು. ದೀಪಾ ತಟ್ಟೆಯಿಂದ ತಲೆ ಎತ್ತಿದಳು.

"ರಘು, ಇದು ಎಂತ?"

"ಸಾರು."

"ಇದಕ್ಕೆ ಸಾರು ಅಂತ ಯಾರು ಹೇಳಿದ್ದು ನಿನಗೆ? ಟೊಮೆಟೊ ಸ್ನಾನ ಮಾಡಿ ಎದ್ದು ಹೋದ ನೀರು ಇದು. ಇಷ್ಟು ತಿಂಗಳು ನಮಗೆ ಇದನ್ನೇ ಹಾಕಿದ್ದಾ ನೀನು? ಆ ಮಗು ಬದುಕಿ ಉಳಿದದ್ದು ಹೇಗೆ?" ಅವಳು ಎದ್ದು ಒಗ್ಗರಣೆಗೆ ಸೌಟು ಹುಡುಕತೊಡಗಿದಳು. ದೀಪಾ ನನ್ನ ಕಡೆ ನೋಡಿದಳು. ಇದ್ದಕ್ಕಿದ್ದಂತೆ ಕನ್ನಡದಲ್ಲಿ, "ಮಾಮ, ನಿಜವಾಗಿ ತುಂಬ ಕೆಟ್ಟದಿತ್ತು" ಎಂದಳು.

ಆ ಸಂಜೆಯ ಗಾಡಿ ಹತ್ತಿದೆ. ಕಿಟಕಿಯಾಚೆ ಹಿನ್ನೀರಿನ ಮೇಲೆ ಮಳೆ. ಕಾಯಂಕುಳಂ ಬರುವಷ್ಟರಲ್ಲಿ ಹಳೆಯ ಅನುಮಾನವೊಂದು ಮಿಸುಕಿತು. ಸಾರು ಇಳಿಸಿದಮೇಲೆ ನಾನು ಗ್ಯಾಸು ಆಫ್ ಮಾಡಿದೆನೇ? ಸಿಲಿಂಡರಿನ ಬಳಿಯದ್ದು? ಅಕ್ಕ ಆಮೇಲೆ ಒಗ್ಗರಣೆ ಹಾಕಿದಳು ಸರಿ. ಆದರೆ ಪಕ್ಕದ ಒಲೆಯದ್ದು? ಗಾಡಿ ನಿಂತಿದ್ದೇ ಇಳಿದು ಪ್ಲಾಟ್‌ಫಾರ್ಮಿನ ಫೋನ್ ಬೂತಿಗೆ ಓಡಿದೆ.

"ಅಕ್ಕ, ಗ್ಯಾಸು ನೋಡಿದೆಯಾ?"

"ನಿನಗೆ ತಲೆ ಸರಿ ಉಂಟಾ ಮಾರಾಯ? ನಾನು ಮನೆಯಲ್ಲೇ ಇದ್ದೇನೆ. ಗ್ಯಾಸು ಹಾಗೇ ಬಿಡ್ತೇನಾ?" ಬೈದು ಮುಗಿಸಿ ಸೇರಿಸಿದಳು, "ತಡಿ. ಯಾವುದಕ್ಕೂ ಒಮ್ಮೆ ನೋಡಿಯೇ ಬರ್ತೇನೆ. ಇಡಬೇಡ."

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು, ದೂರ ಹೋಗುವ ಚಪ್ಪಲಿಯ ಸದ್ದು ಕೇಳಿಸಿತು. ಗಾಡಿ ಕೂಗಿತು. ಬೂತಿನವನು ಕೈಬೀಸಿ, ಸಾರ್, ಹೊರಟಿತು, ಎಂದ. ನಾನು ಇಡಲಿಲ್ಲ.

ಆ ಗಾಡಿ ನನಗೆ ತಪ್ಪಿತು. ಗ್ಯಾಸು ಆಫ್ ಆಗಿಯೇ ಇತ್ತು.